ಬಣ್ಣ ಬಳಿದದ್ದು ಸಾಕು, ಇನ್ನು ಆಸ್ಪತ್ರೆ ನಡೆಸಿ

"ಡಾಕ್ಟ್ರಿಲ್ಲ, ನಾಳೆ ಬಾ."

"ಮಾತ್ರೆ ಖಾಲಿ, ಹೊರಗೆ ತಗೋ."

"ನಾಯಿ ಸೂಜಿ ಇವತ್ತಿಲ್ಲ, ಗುರುವಾರ ಬಾ."

ಹಳ್ಳಿ ಕಡೆಯ ಸರ್ಕಾರಿ ಆಸ್ಪತ್ರೆಗೆ ಹೋಗಿಬಂದ ಯಾರನ್ನಾದರೂ ಕೇಳಿ. ಈ ಮೂರರಲ್ಲಿ ಒಂದು ಮಾತನ್ನಾದರೂ ಕೇಳಿಸಿಕೊಳ್ಳದೆ ವಾಪಸ್ ಬಂದವರು ಸಿಕ್ಕರೆ ಅವರು ಪುಣ್ಯವಂತರು. ಈ ಮೂರೂ ಮಾತಿಗೆ ಮೇಲಿನವರು ಕೊಡುವ ಉತ್ತರ ಒಂದೇ: ಸಿಬ್ಬಂದಿ ಕೊರತೆ. ಶಾಸಕರೂ ಅದನ್ನೇ ಹೇಳುತ್ತಾರೆ, ಜಿಲ್ಲಾ ಆರೋಗ್ಯಾಧಿಕಾರಿಗಳೂ ಅದನ್ನೇ ಹೇಳುತ್ತಾರೆ, ಕೆಡಿಪಿ ಸಭೆಯ ವರದಿಯಲ್ಲೂ ಅದೇ ಸಾಲು ಬರುತ್ತದೆ.

ಕೊರತೆ ಸುಳ್ಳಲ್ಲ. ಆದರೆ ಆ ಮೂರು ಮಾತನ್ನು ಇನ್ನೊಮ್ಮೆ ಓದಿ. ಮೊದಲನೆಯದಕ್ಕೆ ಮಾತ್ರ ಡಾಕ್ಟರ್ ಬೇಕು. ಮಾತ್ರೆ ಖಾಲಿಯಾಗುವುದಕ್ಕೂ ಡಾಕ್ಟರ್ ಕೊರತೆಗೂ ಏನು ಸಂಬಂಧ? ಫ್ರಿಜ್ಜಿನಲ್ಲಿ ಲಸಿಕೆ ಇಟ್ಟುಕೊಂಡೇ ಗುರುವಾರ ಬಾ ಅನ್ನುವುದಕ್ಕೆ ಯಾವ ಹುದ್ದೆ ಖಾಲಿ ಇರುವುದು ಕಾರಣ? ಇವೆರಡೂ ಆಸ್ಪತ್ರೆ ನಡೆಸುವ ರೀತಿಯಲ್ಲಿರುವ ದೋಷಗಳು. ಇದನ್ನು ಸರಿಮಾಡಲು ಹೊಸ ಕಟ್ಟಡ ಬೇಡ, ಸಚಿವರು ಬಂದು ಟೇಪ್ ಕತ್ತರಿಸುವುದೂ ಬೇಡ. ಬೇಕಾಗಿರುವುದು ಒಂದು ಬೋರ್ಡು, ಒಂದು ಪುಸ್ತಕ, ದಿನಕ್ಕೆ ಅರ್ಧ ಗಂಟೆಯ ಶಿಸ್ತು. ಟೇಪ್ ಕತ್ತರಿಸುವಂಥದ್ದೇನೂ ಇದರಲ್ಲಿ ಇಲ್ಲ, ಹಾಗಾಗಿಯೇ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಿತು. ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಕಲ್ಪನೆ ಬಂದದ್ದು ಅಲ್ಲಿಂದ. ಈಗಿನ ಲೆಕ್ಕದಲ್ಲಿ ಬಯಲುಸೀಮೆಯಲ್ಲಿ 30 ಸಾವಿರ ಜನಕ್ಕೆ, ಗುಡ್ಡಗಾಡಿನಲ್ಲಿ 20 ಸಾವಿರ ಜನಕ್ಕೆ ಒಂದು ಕೇಂದ್ರ ಇರಬೇಕು. ಕಟ್ಟಡಗಳು ಬಂದಿವೆ. ಬಣ್ಣ ಬಳಿದಿದ್ದಾರೆ, ಗೋಡೆಯ ಮೇಲೆ ತಾಯಿ ಮಗುವಿನ ಚಿತ್ರ ಬರೆಸಿದ್ದಾರೆ. ಒಳಗೆ ದಿನ ಹೇಗೆ ನಡೆಯಬೇಕು ಎಂಬುದನ್ನು ಮಾತ್ರ ಆಯಾ ಡಾಕ್ಟರ ಗುಣಕ್ಕೆ, ಆಯಾ ನರ್ಸಮ್ಮನ ತಾಳ್ಮೆಗೆ ಬಿಟ್ಟುಬಿಟ್ಟಿದ್ದೇವೆ.

ಸರದಿಯಲ್ಲಿ ಕಳೆದ ಕೂಲಿ

ಒಂದು ಲೆಕ್ಕ ಹಾಕೋಣ. ಇದು ಯಾವುದೋ ಸಮೀಕ್ಷೆಯ ಅಂಕಿ ಅಲ್ಲ, ನೀವೇ ಬೆರಳೆಣಿಸಿ ನೋಡಬಹುದಾದ ಲೆಕ್ಕ.

ಒಬ್ಬ ಡಾಕ್ಟರ್ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ರೋಗಿಗಳನ್ನು ನೋಡುತ್ತಾರೆ ಅಂದುಕೊಳ್ಳಿ. ಅಂದರೆ 240 ನಿಮಿಷ. 80 ಜನ ಬಂದರೆ ಒಬ್ಬೊಬ್ಬರಿಗೆ 3 ನಿಮಿಷ. 80 ಜನರೂ 9ಕ್ಕೇ ಬಂದು ನಿಂತರೆ ಕೊನೆಯವರು ಹತ್ತಿರಹತ್ತಿರ ನಾಲ್ಕು ಗಂಟೆ ಕಾಯಬೇಕು. ಸರಾಸರಿ ತೆಗೆದರೆ ಒಬ್ಬೊಬ್ಬರು ಎರಡು ಗಂಟೆ. 80 ಜನಕ್ಕೆ ಒಟ್ಟು 160 ಗಂಟೆ. ಎಂಟು ಗಂಟೆಯ ದುಡಿಮೆಗೆ ಒಂದು ಆಳು ಅಂದರೆ ದಿನಕ್ಕೆ 20 ಆಳು ಆಸ್ಪತ್ರೆಯ ಜಗಲಿ ಮೇಲೆ ಸುಮ್ಮನೆ ಕೂತಂತಾಯಿತು. 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 20 ಆಳಿಗೆ 7,400 ರೂಪಾಯಿ. ಜೊತೆಗೆ ಬಂದ ಮಗಳ ಕೂಲಿ, ಸೊಸೆಯ ಕೂಲಿ ಇದರಲ್ಲಿ ಸೇರಿಲ್ಲ. "ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲಾ ಫ್ರೀ" ಅನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಈಗ ಅದೇ 80 ಜನರನ್ನು ನಾಲ್ಕು ಭಾಗ ಮಾಡಿ. 9ಕ್ಕೆ 20 ಚೀಟಿ, 10ಕ್ಕೆ 20, 11ಕ್ಕೆ 20, 12ಕ್ಕೆ 20. ಡಾಕ್ಟರೂ ಅವರೇ, ಆ 3 ನಿಮಿಷವೂ ಅಷ್ಟೇ. ಯಾರೂ ಒಂದು ಗಂಟೆಗಿಂತ ಹೆಚ್ಚು ಕಾಯುವುದಿಲ್ಲ. ಸರಾಸರಿ ಅರ್ಧ ಗಂಟೆಗೂ ಕಡಿಮೆ. 20 ಆಳಿನ ನಷ್ಟ 5 ಆಳಿಗೆ ಇಳಿಯುತ್ತದೆ. ಇದಕ್ಕೆ ಖರ್ಚಾಗುವುದು ನಾಲ್ಕು ಬಣ್ಣದ ಚೀಟಿ.

"ಹಳ್ಳಿ ಜನ ಟೈಮಿಗೆ ಬರ್ತಾರಾ?" ಎಂದು ಕೇಳುತ್ತಾರೆ. ಬರುತ್ತಾರೆ, ಆದರೆ ಬಸ್ಸಿನ ಟೈಮಿಗೆ. ಏಳೂವರೆ ಬಸ್ಸು ಬಿಟ್ಟರೆ ಮುಂದಿನದು ಮಧ್ಯಾಹ್ನ ಎರಡಕ್ಕೆ ಅನ್ನುವ ಊರಿನವರು 11ರ ಚೀಟಿ ಹಿಡಿದು ಏನು ಮಾಡಬೇಕು? ಆದ್ದರಿಂದ ಚೀಟಿ ಹಂಚುವವರ ಕೈಯಲ್ಲಿ ಬಸ್ಸಿನ ವೇಳಾಪಟ್ಟಿ ಇರಬೇಕು. ದೂರದ ಊರಿನವರಿಗೆ ಮೊದಲ ಗಂಟೆ, ಆಸ್ಪತ್ರೆ ಇರುವ ಊರಿನವರಿಗೆ 11ರ ನಂತರ. ಪ್ರತಿ ಊರಿನಲ್ಲೂ ಆಶಾ ಕಾರ್ಯಕರ್ತೆ ಇದ್ದಾರೆ, ಅವರ ಕೈಯಲ್ಲಿ ಫೋನಿದೆ, ಊರಿನ ವಾಟ್ಸಾಪ್ ಗುಂಪೂ ಇದೆ. "ನಾಳೆ ಡಾಕ್ಟರ್ ಕೋರ್ಟಿಗೆ ಹೋಗ್ತಾರೆ, ಓಪಿಡಿ ಮಧ್ಯಾಹ್ನ ಮೇಲೆ" ಎಂದು ಹಿಂದಿನ ಸಂಜೆ ಒಂದು ಸಂದೇಶ ಹಾಕಿದರೆ 40 ಜನರ ಬಸ್ ಚಾರ್ಜೂ ಕೂಲಿಯೂ ಉಳಿಯುತ್ತದೆ. ಮಹಿಳೆಯರಿಗೆ 2023ರ ಜೂನ್‌ನಿಂದ ಬಸ್ಸು ಉಚಿತ ಇರಬಹುದು, ಅವರ ದಿನವೇನೂ ಉಚಿತವಲ್ಲ.

ಸಂತೆ ದಿನ ಜನ ಎರಡು ಪಟ್ಟು ಬರುತ್ತಾರೆ ಎಂಬುದು ಆಸ್ಪತ್ರೆ ಎದುರಿನ ಟೀ ಅಂಗಡಿಯವನಿಗೆ ಗೊತ್ತು, ಅವನು ಅವತ್ತು ಹಾಲು ಜಾಸ್ತಿ ತರಿಸುತ್ತಾನೆ. ಆಸ್ಪತ್ರೆಗೆ ಮಾತ್ರ ಗೊತ್ತಿಲ್ಲ. ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ಎಂದು 2016ರಿಂದ ನಿಗದಿಯಾಗಿದೆ. ಆ 9 ಸಂತೆ ದಿನಕ್ಕೆ ಬಿದ್ದರೆ ಏಳು ತಿಂಗಳ ಬಸುರಿ ಜ್ವರದವರ ನಡುವೆ ಗೋಡೆಗೊರಗಿ ನಿಂತಿರುತ್ತಾಳೆ. ಕ್ಯಾಲೆಂಡರ್ ನೋಡಿಕೊಂಡು ಅವರಿಗೆ ಬೇರೆ ವೇಳೆ ಕೊಡುವುದಕ್ಕೆ ಯಾವ ಆದೇಶ ಬರಬೇಕು?

ಹತ್ತು ದಿನದ ಮಾತ್ರೆ

ಬಿಪಿ, ಶುಗರ್ ಇರುವವರ ಪಾಡು ಇನ್ನೊಂದು. ಒಂದು ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುವವರು 300 ಜನ ಇದ್ದಾರೆ ಅನ್ನಿ. ಅವರಿಗೆ ಹತ್ತು ಹತ್ತು ದಿನದ ಮಾತ್ರೆ ಕೊಟ್ಟು ಕಳಿಸಿದರೆ ಒಬ್ಬೊಬ್ಬರು ತಿಂಗಳಿಗೆ ಮೂರು ಸಲ ಬರಬೇಕು. ಒಟ್ಟು 900 ಭೇಟಿ. 30 ದಿನದ ಮಾತ್ರೆ ಒಟ್ಟಿಗೆ ಕೊಟ್ಟರೆ 300 ಭೇಟಿ. ಉಳಿದ 600 ಭೇಟಿಯನ್ನು ತಿಂಗಳ 25 ಕೆಲಸದ ದಿನಕ್ಕೆ ಹಂಚಿ. ದಿನಕ್ಕೆ 24 ಜನ ಸರದಿಯಿಂದ ಕಡಿಮೆಯಾದರು! ಹೊಸ ಡಾಕ್ಟರನ್ನು ನೇಮಿಸದೆ ಡಾಕ್ಟರ ದಿನದಲ್ಲಿ ಒಂದು ಗಂಟೆಗೂ ಹೆಚ್ಚು ಸಮಯ ಉಳಿಯಿತು.

ಇದು ನನ್ನ ಸ್ವಂತ ಬುದ್ಧಿಯೇನಲ್ಲ. 2017ರಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಹೇಳಿದ್ದೂ ಇದನ್ನೇ: ಕನಿಷ್ಠ ಒಂದು ತಿಂಗಳ ಮಾತ್ರೆ ಒಮ್ಮೆಗೇ ಕೊಡಿ, ಮನೆ ಹತ್ತಿರ ಕೊಡಿ. ಮತ್ತೆ ಯಾಕೆ ಹತ್ತು ದಿನ? ಸ್ಟಾಕ್ ಮುಗಿದುಹೋಗುವ ಭಯ. ಸ್ಟಾಕ್ ಯಾಕೆ ಮುಗಿಯುತ್ತದೆ? ಮುಗಿದ ಮೇಲೆ ಇಂಡೆಂಟ್ ಹಾಕುವುದರಿಂದ.

ಕಿರಾಣಿ ಅಂಗಡಿಯ ಶೆಟ್ಟರು ಸಕ್ಕರೆ ಮೂಟೆ ತಳ ಕಂಡ ಮೇಲೆ ಪೇಟೆಗೆ ಹೇಳಿಕಳಿಸುವುದಿಲ್ಲ. ಅರ್ಧ ಆದಾಗಲೇ ಹೇಳುತ್ತಾರೆ. ಆಸ್ಪತ್ರೆಗೂ ಇದೇ ಲೆಕ್ಕ. 300 ಜನ, ದಿನಕ್ಕೊಂದು ಮಾತ್ರೆ, ತಿಂಗಳಿಗೆ 9,000. ಉಗ್ರಾಣದಿಂದ ಬರಲು ಒಂದು ತಿಂಗಳು ಬೇಕು ಅಂದರೆ, ಮೇಲೊಂದು ತಿಂಗಳ ಮಾತ್ರೆ ಆಪತ್ತಿಗೆ ಇಟ್ಟುಕೊಂಡು, 18,000ಕ್ಕೆ ಇಳಿದ ದಿನವೇ ಇಂಡೆಂಟ್ ಹೋಗಬೇಕು. ಫಾರ್ಮಸಿಸ್ಟ್ ಪ್ರತಿ ಔಷಧಿಗೂ ಹೀಗೊಂದು ಅಂಕಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದರೆ ಆಯಿತು. ಅವಧಿ ಮೊದಲು ಮುಗಿಯುವ ಡಬ್ಬಿ ಮುಂದೆ, ಆಮೇಲೆ ಮುಗಿಯುವುದು ಹಿಂದೆ. ಇಷ್ಟು ಮಾಡದೆ ಒಂದು ಕಡೆ ಮಾತ್ರೆ ಖಾಲಿ ಅನ್ನುವುದು, ಇನ್ನೊಂದು ಕಡೆ ಅವಧಿ ಮೀರಿದ ಔಷಧಿಯನ್ನು ಚೀಲ ತುಂಬಿಸಿ ಇಡುವುದು, ಎರಡೂ ಒಂದೇ ಛಾವಣಿಯ ಕೆಳಗೆ ನಡೆಯುತ್ತದೆ.

ಪಕ್ಕದ ತಮಿಳುನಾಡು 1994ರಲ್ಲೇ ಔಷಧಿ ಖರೀದಿಗೆ ಪ್ರತ್ಯೇಕ ನಿಗಮ ಮಾಡಿಕೊಂಡಿತು. ಪ್ರತಿ ಆಸ್ಪತ್ರೆಗೂ ಬ್ಯಾಂಕಿನ ಹಾಗೆ ಪಾಸ್‌ಬುಕ್ ಕೊಟ್ಟಿತು. ಎಷ್ಟು ತೆಗೆದುಕೊಂಡಿರಿ, ಎಷ್ಟು ಬಾಕಿ ಇದೆ ಎಂಬುದು ಆ ಪುಸ್ತಕದಲ್ಲೇ ಕಾಣುತ್ತಿತ್ತು. ನಮ್ಮಲ್ಲೂ ಈಗ ನಿಗಮ ಇದೆ, ಸಾಫ್ಟ್‌ವೇರೂ ಇದೆ. ಆದರೆ ಕಂಪ್ಯೂಟರಿನೊಳಗಿನ ಸ್ಟಾಕ್ ಜಗಲಿ ಮೇಲೆ ಕೂತ ಅಜ್ಜನಿಗೆ ಕಾಣುವುದಿಲ್ಲ. ಅಜ್ಜನಿಗೆ ಕಾಣುವ ಹಾಗೆ ಕಪ್ಪು ಹಲಗೆಯ ಮೇಲೆ ಬರೆಯಿರಿ: ಇಂದು ಯಾವ ಔಷಧಿ ಇದೆ, ಯಾವುದು ಇಲ್ಲ, ಇಲ್ಲದ್ದು ಯಾವತ್ತು ಬರುತ್ತದೆ.

ಗುರುವಾರದವರೆಗೆ ಕಾಯದ ರೋಗ

ಈಗ ನಾಯಿ ಕಡಿತದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿರ್ವಹಣೆ ತಪ್ಪಿದರೆ ಹೋಗುವುದು ಕೂಲಿಯಲ್ಲ, ಜೀವ.

ರೇಬಿಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ತಡೆಯುವ ದಾರಿ ಮಾತ್ರ ಸರಳ. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅವತ್ತೇ ಮೊದಲ ಲಸಿಕೆ ಬೀಳಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮತ್ತೆ 3, 7 ಮತ್ತು 28ನೇ ದಿನ. ಗಾಯ ಆಳವಾಗಿ ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧಿಯೂ ಬೇಕು.

ಹಾಗಿದ್ದೂ ಗುರುವಾರ ಬಾ ಅನ್ನುವುದು ಯಾಕೆ? ಚರ್ಮದೊಳಗೆ ಕೊಡುವಾಗ ಒಬ್ಬರಿಗೆ ಒಂದು ಸಲಕ್ಕೆ 0.2 ಎಂಎಲ್ ಸಾಕು. ಒಂದು ವಯಲ್‌ನಲ್ಲಿ ಅರ್ಧ ಅಥವಾ ಒಂದು ಎಂಎಲ್ ಇರುತ್ತದೆ. ಅಂದರೆ ಒಂದು ವಯಲ್ ಎರಡರಿಂದ ಐದು ಜನಕ್ಕೆ ಆಗುತ್ತದೆ. ಒಮ್ಮೆ ಕಲಸಿದ ಲಸಿಕೆಯನ್ನು ಆರೆಂಟು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಚೆಲ್ಲಿದರೆ ಆಡಿಟ್‌ನಲ್ಲಿ ಪ್ರಶ್ನೆ ಬರುತ್ತದೆ. ಆದ್ದರಿಂದ "ಇನ್ನೂ ಮೂವರು ಬರಲಿ, ಒಟ್ಟಿಗೆ ಕೊಡೋಣ" ಎಂಬ ಲೆಕ್ಕಾಚಾರ. ವಯಲ್ ಉಳಿಸುವ ಈ ಲೆಕ್ಕದಲ್ಲಿ ಶಾಲೆ ಬಿಟ್ಟು ಬರುವಾಗ ನಾಯಿ ಕಚ್ಚಿಸಿಕೊಂಡ ಹುಡುಗ ಮನೆಗೆ ವಾಪಸ್. ಗುರುವಾರ ಅವನ ಅಪ್ಪನಿಗೆ ಕೂಲಿ ಕೆಲಸ ಇರುತ್ತದೆ. ಗಾಯವೂ ಒಣಗಿರುತ್ತದೆ. "ವಾಸಿಯಾಯ್ತಲ್ಲ ಬಿಡು" ಅನ್ನುತ್ತಾರೆ.

ಇದು ಸರಿಹೋಗಬೇಕಾದರೆ ಎರಡು ನಿಯಮ ಬರೆದು ಗೋಡೆಗೆ ಅಂಟಿಸಬೇಕು. ಒಂದು, ಮೊದಲ ಡೋಸ್‌ಗೆ ಬಂದವರನ್ನು ಯಾವ ಕಾರಣಕ್ಕೂ ವಾಪಸ್ ಕಳಿಸುವಂತಿಲ್ಲ, ಒಬ್ಬರೇ ಇದ್ದರೂ ವಯಲ್ ಒಡೆಯಬೇಕು, ಅದಕ್ಕೆ ಆದ ನಷ್ಟಕ್ಕೆ ಸಿಬ್ಬಂದಿಯನ್ನು ಹೊಣೆ ಮಾಡಬಾರದು. ಎರಡು, ಮುಂದಿನ ಡೋಸ್‌ಗಳ ದಿನಾಂಕವನ್ನು ಪುಸ್ತಕದಲ್ಲಿ ಬರೆದು, ಯಾರ್ಯಾರ ದಿನ ಒಟ್ಟಿಗೆ ಬೀಳುತ್ತದೆ ನೋಡಿಕೊಂಡು, ಆ ದಿನ ಬಾರದವರಿಗೆ ಸಂಜೆಯೊಳಗೆ ಫೋನ್ ಮಾಡಬೇಕು. ಸಾಲ ಕೊಟ್ಟ ಸಂಘದವರು ಕಂತು ತಪ್ಪಿದ ದಿನವೇ ಮನೆ ಬಾಗಿಲಿಗೆ ಬರುತ್ತಾರೆ. ಲಸಿಕೆ ತಪ್ಪಿದ ಮಗುವಿನ ಮನೆಗೆ ಒಂದು ಫೋನ್ ಕೂಡ ಹೋಗದಿದ್ದರೆ ಹೇಗೆ?

ಹಾವಿನ ವಿಷಕ್ಕೂ ಹೀಗೆಯೇ. ವಿಷ ಏರಿದ ಲಕ್ಷಣ ಇರುವವರಿಗೆ ಮೊದಲ ಸುತ್ತಿಗೇ 8ರಿಂದ 10 ವಯಲ್ ಬೇಕಾಗುತ್ತದೆ. ರಿಜಿಸ್ಟರಿನಲ್ಲಿ "ಎಎಸ್‌ವಿ ಲಭ್ಯ, 2 ವಯಲ್" ಎಂದಿದ್ದರೆ ಅದನ್ನು ಇದೆ ಅನ್ನಬೇಕೋ ಇಲ್ಲ ಅನ್ನಬೇಕೋ? ವರದಿಯಲ್ಲಿ ಇದೆ, ಹೊಲದಿಂದ ಹೊತ್ತು ತಂದ ಮನುಷ್ಯನಿಗೆ ಇಲ್ಲ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ನಮ್ಮ ರಾಜ್ಯ 2024ರಲ್ಲಿ ಘೋಷಿಸಿತು, ಒಳ್ಳೆಯದೇ. ವರದಿಯ ಜೊತೆಗೆ 10 ವಯಲ್‌ಗಿಂತ ಕೆಳಗೆ ಇಳಿಯಬಾರದು ಎಂಬ ಗೆರೆಯನ್ನೂ ಕಪಾಟಿನ ಮೇಲೆ ಎಳೆಯಿರಿ.

ಖಾಸಗಿಯವರೇನು ಕಡಿಮೆಯಿಲ್ಲ

ಇದನ್ನೆಲ್ಲ ಓದಿ ತಾಲ್ಲೂಕು ಕೇಂದ್ರದ ಖಾಸಗಿ ಕ್ಲಿನಿಕ್ಕಿನವರು ನಗಬಾರದು. ಬೋರ್ಡಿನಲ್ಲಿ 10 ಗಂಟೆ ಎಂದಿದ್ದರೆ ಡಾಕ್ಟರ್ ಬರುವುದು ಹನ್ನೆರಡಕ್ಕೆ. ಒಳಗೆ ಹೋದವರಿಗೆ ಏನಾಗಿದೆ ಎಂದು ಹೇಳುವುದಿಲ್ಲ, ಒಂದು ಸೂಜಿ ಚುಚ್ಚಿ ಕಳಿಸುತ್ತಾರೆ. ದುಡ್ಡು ತೆಗೆದುಕೊಂಡದ್ದಕ್ಕೆ ಬಿಲ್ ಇಲ್ಲ. ಚೀಟಿಯ ಅಕ್ಷರ ಆ ಕ್ಲಿನಿಕ್ಕಿನ ಪಕ್ಕದ ಮೆಡಿಕಲ್ ಶಾಪಿನವನಿಗೆ ಮಾತ್ರ ಅರ್ಥವಾಗುತ್ತದೆ, ಅದೇನು ಕಾಕತಾಳೀಯವೋ ಗೊತ್ತಿಲ್ಲ.

ನಿಯಮ ಇದೆಯೇ? ಇದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ನೋಂದಣಿ ಬೇಕು, ದರಪಟ್ಟಿಯನ್ನು ಜನಕ್ಕೆ ಕಾಣುವ ಹಾಗೆ ಹಾಕಬೇಕು. ಆ ಕಾಯ್ದೆಯನ್ನು ಬಿಗಿ ಮಾಡಲು ಹೋದಾಗ 2017ರ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ವೈದ್ಯರ ನಡವಳಿಕೆಯ ಬಗ್ಗೆ 2002ರ ನಿಯಮಾವಳಿ ಇದೆ. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಔಷಧಿಯ ಹೆಸರನ್ನು ಓದಲು ಬರುವಂತೆ ಬರೆಯಬೇಕು ಎಂದು 2016ರಲ್ಲಿ ತಿದ್ದುಪಡಿಯೂ ಆಯಿತು.

ಒಳ್ಳೆಯ ಖಾಸಗಿ ವೈದ್ಯರಿದ್ದಾರೆ, ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರಲ್ಲಿ ನಾನು ಕಂಡದ್ದು ಸಾದಾ ಸಂಗತಿಗಳು. ಫೋನ್ ಮಾಡಿದರೆ ಯಾರಾದರೂ ಎತ್ತುತ್ತಾರೆ. ಚೀಟಿ ನಂಬರ್ ಎಷ್ಟಕ್ಕೆ ಬಂದಿದೆ ಎಂದು ಹೇಳುತ್ತಾರೆ. ಹೋದ ಸಲದ ಚೀಟಿಯನ್ನು ಡಾಕ್ಟರೇ ಕೇಳಿ ನೋಡುತ್ತಾರೆ. ಇಂಥ ಕ್ಲಿನಿಕ್ಕಿಗೆ ಜನ ಇಪ್ಪತ್ತು ಕಿಲೋಮೀಟರ್ ದೂರದಿಂದ ಬರುತ್ತಾರೆ. ಅಲ್ಲಿ ಡಾಕ್ಟರ ಕೈಗುಣ ಅರ್ಧ, ಕೌಂಟರಿನಲ್ಲಿ ಕೂತ ಹುಡುಗಿಯ ಅಚ್ಚುಕಟ್ಟು ಇನ್ನರ್ಧ.

ಮಿಷನ್ ತಂದಿಟ್ಟರೆ ಆಯ್ತೇ?

ಸರ್ಕಾರಕ್ಕೆ ಬೋರ್ಡು, ಪುಸ್ತಕ ಅಂದರೆ ಬೇಸರ. ಮಿಷನ್ ಅಂದರೆ ಉತ್ಸಾಹ. ಅದನ್ನೂ ಮಾಡಿ ನೋಡಿದ್ದಾಗಿದೆ. ಕರ್ನಾಟಕದ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸೇರಿಸಿಕೊಂಡು ಒಂದು ಅಧ್ಯಯನ ನಡೆಯಿತು, ಅವುಗಳಲ್ಲಿ ಕೆಲವಕ್ಕೆ ಬೆರಳಚ್ಚಿನ ಹಾಜರಾತಿ ಯಂತ್ರ ಅಳವಡಿಸಿದರು. ಧಲಿವಾಲ್ ಮತ್ತು ಹನ್ನಾ ಎಂಬ ಸಂಶೋಧಕರು 2014ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್‌ಗಳ ಹಾಜರಾತಿ ಸುಧಾರಿಸಿತು. ಡಾಕ್ಟರುಗಳದ್ದು ಸುಧಾರಿಸಲಿಲ್ಲ. ಗೈರಾದವರ ಮೇಲೆ ಕ್ರಮ ಕೈಗೊಳ್ಳಲು ಮೇಲಿನವರು ಹಿಂದೇಟು ಹಾಕಿದರು.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಯಂತ್ರ ಹಾಕಿದ ಕೇಂದ್ರಗಳ ವ್ಯಾಪ್ತಿಯಲ್ಲಿ ಕಡಿಮೆ ತೂಕದ ಮಕ್ಕಳು ಹುಟ್ಟುವುದು ಇಳಿಯಿತು. ಡಾಕ್ಟರ್ ಬಂದದ್ದರಿಂದ ಅಲ್ಲ, ನರ್ಸಮ್ಮನೂ ಲ್ಯಾಬಿನವರೂ ತಮ್ಮ ಜಾಗದಲ್ಲಿ ಇದ್ದದ್ದರಿಂದ. "ಡಾಕ್ಟರಿಲ್ಲದಿದ್ದರೆ ಏನೂ ಸಾಧ್ಯವಿಲ್ಲ" ಅನ್ನುವವರು ಇದಕ್ಕೆ ಉತ್ತರ ಕೊಡಬೇಕು.

ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಆರೋಗ್ಯ ಕೇಂದ್ರವನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ನಡೆಸಲು ತೆಗೆದುಕೊಂಡಿತು. ಕೇಂದ್ರ ಸರ್ಕಾರದ್ದೇ, ನಡೆಸುವವರು ಬದಲಾದರು. ಹಗಲು ರಾತ್ರಿ ಯಾರಾದರೊಬ್ಬರು ಇರಬೇಕು, ಅಗತ್ಯ ಔಷಧಿ ಇರಲೇಬೇಕು ಎಂಬುದನ್ನು ಅವರು ನಿಯಮ ಮಾಡಿಕೊಂಡರು. ಅದೇ ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ರಾಜ್ಯ ಸರ್ಕಾರಕ್ಕೆ ವರದಿ ಕೊಟ್ಟಿತು. ಎಲ್ಲ ಆಸ್ಪತ್ರೆಯನ್ನೂ ಟ್ರಸ್ಟುಗಳಿಗೆ ಒಪ್ಪಿಸಿ ಎಂದು ನಾನು ಹೇಳುತ್ತಿಲ್ಲ. ಸರ್ಕಾರಿ ಆಸ್ಪತ್ರೆ ಸರ್ಕಾರದ್ದಾಗಿಯೇ ಉಳಿಯಬೇಕು. ಟ್ರಸ್ಟಿನವರಿಗೆ ಸಾಧ್ಯವಾದ ದಿನಚರಿ ಸಂಬಳ ಪಡೆಯುವ ಇಲಾಖೆಗೆ ಯಾಕೆ ಸಾಧ್ಯವಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಡಾಕ್ಟರ ಕಡೆಯ ಮಾತು

ಡಾಕ್ಟರುಗಳಿಗೂ ಹೇಳುವುದಿದೆ, ಅದರಲ್ಲಿ ನ್ಯಾಯವೂ ಇದೆ. ಐದೂವರೆ ವರ್ಷ ಓದಿ, ಕಡ್ಡಾಯ ಸೇವೆಗೆಂದು ಹಳ್ಳಿಗೆ ಬಂದ ಯುವ ವೈದ್ಯೆ ಕೇಂದ್ರದ ಮುಖ್ಯಸ್ಥೆಯೂ ಆಗಿರುತ್ತಾರೆ. ಸಂಬಳದ ಬಿಲ್ಲಿಗೆ ಸಹಿ, ಕರೆಂಟ್ ಬಿಲ್ಲು, ಮೋಟಾರು ಕೆಟ್ಟರೆ ರಿಪೇರಿ, ವಾರಕ್ಕೊಂದು ಸಭೆ, ವಿಡಿಯೊ ಕಾನ್ಫರೆನ್ಸ್, ಪೋಸ್ಟ್‌ಮಾರ್ಟಂ, ಕೋರ್ಟಿನ ಸಾಕ್ಷಿ. ಇದರ ಮೇಲೆ ಹತ್ತಾರು ಪೋರ್ಟಲ್‌ಗಳಿಗೆ ಒಂದೇ ಅಂಕಿಯನ್ನು ಹತ್ತಾರು ಸಲ ತುಂಬಬೇಕು. ಒಬ್ಬ ಆಶಾ ಕಾರ್ಯಕರ್ತೆ ನನ್ನೊಂದಿಗೆ ಮಾತಾಡುತ್ತಾ ಹೇಳಿದ್ದರು: "ಅಣ್ಣಾ, ಬಸುರಿ ನೋಡಕ್ಕೆ ಹತ್ತು ನಿಮಿಷ, ಅದನ್ನ ಬರೆಯಕ್ಕೆ ಅರ್ಧ ಗಂಟೆ."

ಹಾಗಾಗಿ ಒಬ್ಬ ಒಳ್ಳೆಯ ಡಾಕ್ಟರನ್ನು ನಂಬಿಕೊಂಡು ಕೂತರೆ ಆಗುವುದಿಲ್ಲ. ಒಳ್ಳೆಯವರು ಬಂದು ಎಲ್ಲ ಅಚ್ಚುಕಟ್ಟು ಮಾಡುತ್ತಾರೆ, ಊರಿನವರು ಕೊಂಡಾಡುತ್ತಾರೆ, ವರ್ಷದೊಳಗೆ ಪಿಜಿ ಸೀಟು ಸಿಕ್ಕಿ ಹೋಗುತ್ತಾರೆ. ಶಾಲು ಹೊದಿಸಿ ಬೀಳ್ಕೊಟ್ಟ ಮರುದಿನದಿಂದ ಎಲ್ಲ ಮೊದಲಿನ ಹಾಗೆ. ಕ್ರಮ ಇರಬೇಕಾದದ್ದು ಗೋಡೆಯ ಮೇಲೆ, ಪುಸ್ತಕದಲ್ಲಿ, ಅಲ್ಲೇ ಹತ್ತು ವರ್ಷದಿಂದ ಇರುವ ಸಿಬ್ಬಂದಿಯ ರೂಢಿಯಲ್ಲಿ. ಲೆಕ್ಕಪತ್ರ, ಸ್ಟಾಕ್, ಚೀಟಿಯ ಕೆಲಸಕ್ಕೆ ಒಬ್ಬ ತರಬೇತಾದ ಗುಮಾಸ್ತರನ್ನು ಕೊಟ್ಟು ಡಾಕ್ಟರನ್ನು ರೋಗಿಗಳ ಮುಂದೆ ಕೂರಲು ಬಿಡಿ. ಒಬ್ಬ ಡಾಕ್ಟರನ್ನು ತಯಾರು ಮಾಡಲು ಐದೂವರೆ ವರ್ಷ ಬೇಕು, ಗುಮಾಸ್ತರನ್ನು ತಯಾರು ಮಾಡಲು ಐದೂವರೆ ವಾರವೂ ಬೇಡ.

ನಮ್ಮ ಪಾಲಿನ ಕೆಲಸ

"ದುಡ್ಡಿಲ್ಲ" ಎಂದು ಹೇಳಿದರೆ ನಂಬಬೇಡಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ 25 ಸಾವಿರ ಮುಕ್ತ ನಿಧಿ, 50 ಸಾವಿರ ನಿರ್ವಹಣೆಗೆ, 1 ಲಕ್ಷ ಆರೋಗ್ಯ ರಕ್ಷಾ ಸಮಿತಿಗೆ ಎಂದು ಗೊತ್ತುಮಾಡಿದರು. ಒಟ್ಟು 1.75 ಲಕ್ಷ. ಚೀಟಿ, ಹಲಗೆ, ಬೆಂಚು, ಕುಡಿಯುವ ನೀರಿನ ಫಿಲ್ಟರ್, ಒಂದು ಫೋನಿನ ಕರೆನ್ಸಿ, ಇವಕ್ಕೆಲ್ಲ ಇಂಥ ನಿಧಿಯೇ ಇರುವುದು. ಆರೋಗ್ಯ ರಕ್ಷಾ ಸಮಿತಿ ಎಂದರೆ ಡಾಕ್ಟರ್ ಜೊತೆಗೆ ನಮ್ಮವರೇ, ನಾವು ಆರಿಸಿ ಕಳಿಸಿದ ಪ್ರತಿನಿಧಿಗಳೇ ಕೂರುವ ಸಮಿತಿ. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ನಡೆಯಿತು, ನಿಮಗೆ ಗೊತ್ತೇ? ಸಭೆ ನಡೆಯದೆ ನಡಾವಳಿಗೆ ಸಹಿ ಮಾತ್ರ ಮನೆ ಮನೆಗೆ ಹೋಗಿ ಬರುವ ಊರುಗಳಿವೆ.

ಮುಂದಿನ ಗ್ರಾಮಸಭೆಯಲ್ಲಿ ಈ ಐದು ವಿಷಯ ಎತ್ತಿ. ಫೋನಿನಲ್ಲಿ ಇದನ್ನು ಉಳಿಸಿಟ್ಟುಕೊಂಡು ಓದಿದರೂ ಸಾಕು.

1. ಡಾಕ್ಟರ್ ಇಂದು ಇದ್ದಾರೋ ಇಲ್ಲವೋ, ಯಾವಾಗ ಬರುತ್ತಾರೆ ಎಂಬುದನ್ನು ದಿನಾ ಬೆಳಿಗ್ಗೆ ಹಲಗೆ ಮೇಲೆ ಬರೆಯಬೇಕು. ಬದಲಾವಣೆ ಇದ್ದರೆ ಹಿಂದಿನ ಸಂಜೆ ಆಶಾ ಕಾರ್ಯಕರ್ತೆಯರ ಗುಂಪಿಗೆ ಹಾಕಬೇಕು.

2. ಗಂಟೆವಾರು ಚೀಟಿ ಕೊಡಬೇಕು. ದೂರದ ಊರಿನವರು, ಬಸುರಿ, ಬಾಣಂತಿ, ಕೈಮಗು, ವಯಸ್ಸಾದವರು ಮೊದಲು. ತುರ್ತು ಇದ್ದವರಿಗೆ ಚೀಟಿಯೇ ಬೇಡ.

3. ಬಿಪಿ, ಶುಗರ್‌ನವರಿಗೆ 30 ದಿನದ ಮಾತ್ರೆ ಒಟ್ಟಿಗೆ ಕೊಡಬೇಕು. ಔಷಧಿ ಇದೆ, ಇಲ್ಲ ಎಂಬ ಪಟ್ಟಿ ಹೊರಗೆ ಕಾಣಬೇಕು.

4. ನಾಯಿ ಕಡಿತದ ಮೊದಲ ಡೋಸ್ ಅದೇ ದಿನ ಸಿಗಬೇಕು. ಹಾವಿನ ವಿಷದ ಔಷಧಿ ಮೊದಲ ಸುತ್ತಿಗೆ ಸಾಲುವಷ್ಟು ಇರಬೇಕು.

5. ಆರೋಗ್ಯ ರಕ್ಷಾ ಸಮಿತಿಯ ಸಭೆಯ ದಿನಾಂಕ, ಬಂದ ಹಣ, ಖರ್ಚಾದ ಹಣ ಆಸ್ಪತ್ರೆಯ ಗೋಡೆ ಮೇಲೆ ಇರಬೇಕು.

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. ಅರ್ಜಿಗೆ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು. ಹೀಗೆ ಬರೆಯಿರಿ: "ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಕಳೆದ ಒಂದು ವರ್ಷದ ನಡಾವಳಿ ಮತ್ತು ಖರ್ಚಿನ ವಿವರದ ಪ್ರತಿ ಕೊಡಿ." 30 ದಿನದೊಳಗೆ ಉತ್ತರ ಕೊಡಬೇಕು. ಸ್ಟಾಕ್ ಪುಸ್ತಕದ ಪ್ರತಿಗೆ ಇನ್ನೊಂದು ಅರ್ಜಿ ಹಾಕಿ.

ಒಂದು ಕೋರಿಕೆ. ಕೇಳುವಾಗ ಕೌಂಟರಿನಲ್ಲಿ ಕೂತ ನರ್ಸಮ್ಮನ ಮೇಲೆ ಕೂಗಾಡಬೇಡಿ. ವಿಡಿಯೊ ಮಾಡಿ ಫೇಸ್‌ಬುಕ್ಕಿಗೆ ಹಾಕಿ ಹೀರೊ ಆಗಲು ಹೋಗಬೇಡಿ. ಮೂರು ಜನರ ಕೆಲಸವನ್ನು ಒಬ್ಬರೇ ಮಾಡುತ್ತಿರುವವರು ಅವರು. ಕ್ರಮ ಬಂದರೆ ಮೊದಲು ಉಸಿರಾಡುವವರೂ ಅವರೇ. ನಿಮ್ಮ ಪ್ರಶ್ನೆ ಹೋಗಬೇಕಾದದ್ದು ಸಮಿತಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗೆ, ಬಣ್ಣ ಬಳಿಸಿ ಫೋಟೊ ತೆಗೆಸಿಕೊಂಡ ಜನಪ್ರತಿನಿಧಿಗೆ.

ಮುಂದಿನ ಸಲ ಅವರು ಹೊಸ ವಾರ್ಡು ಉದ್ಘಾಟನೆಗೆ ಬಂದಾಗ ಹಾರ ಹಾಕುವ ಮೊದಲು ಔಷಧಿ ಕಪಾಟಿನ ಹತ್ತಿರ ಕರೆದುಕೊಂಡು ಹೋಗಿ, ವಿಷದ ಔಷಧಿ ಎಷ್ಟು ವಯಲ್ ಇದೆ ಎಂದು ಅವರ ಕೈಯಿಂದಲೇ ಎಣಿಸಿ.